ಹದಿನೇಳು ಹನಿಯ ಬೋರ್ಡು

ನನಗೆ ಚಿತ್ರ ಬರೆಯಲು ಬರುವುದಿಲ್ಲ. ಶಾಲೆಯಲ್ಲಿ ನಾನು ಬರೆದ ಹಸುವನ್ನು ಡ್ರಾಯಿಂಗ್ ಮಾಸ್ತರರು ಹಾಳೆ ತಿರುಗಿಸಿ ತಿರುಗಿಸಿ ನೋಡಿ, ಇದರ ತಲೆ ಯಾವ ಕಡೆ ಎಂದು ಕೇಳಿದ್ದರು. ಆದರೂ ಎರಡು ಸಾವಿರದ ಇಸವಿ ದಾಟಿದ ಮೇಲಿನ ಒಂದೆರಡು ವರ್ಷ, ಶಿರಸಿಯಲ್ಲಿ ನನಗಿಂತ ದೊಡ್ಡ ಕಲಾವಿದೆ ಇನ್ನೊಬ್ಬಳಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಅದಕ್ಕೆಲ್ಲ ಕಾರಣ ಕಂಪ್ಯೂಟರ್. ಹುಬ್ಬಳ್ಳಿಯಲ್ಲಿ ಮೂರು ತಿಂಗಳ ಕೋರ್ಸು ಮುಗಿಸಿ ಬಂದು, ಬಸ್ ಸ್ಟ್ಯಾಂಡಿನ ಹತ್ತಿರದ ಡಿಟಿಪಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ಮದುವೆ ಕಾಗದ, ಸೊಸೈಟಿಯ ನೋಟೀಸು, ಕಣ್ಣು ಮುಚ್ಚಿಕೊಂಡು ಫೋಟೋ ತೆಗೆಸಿಕೊಂಡ ಮದುಮಗನಿಗೆ ಅವನ ತಮ್ಮನ ಕಣ್ಣು ತಂದು ಅಂಟಿಸುವುದು, ಇಂಥವು ನನ್ನ ಪಾಲಿನ ಕೆಲಸ. ಫೋಟೋ ತಿದ್ದುವ ಸಾಫ್ಟ್‌ವೇರ್ ಅಂಗಡಿಯಲ್ಲಿ ನನ್ನೊಬ್ಬಳಿಗೇ ಬರುತ್ತಿದ್ದುದರಿಂದ ಮಾಲೀಕರೂ ನನ್ನನ್ನು ಕೊಂಚ ಹೆದರಿಕೊಂಡೇ ಮಾತಾಡಿಸುತ್ತಿದ್ದರು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು ಎನ್ನುವುದೂ ಅದಕ್ಕೆ ಒಂದು ಕಾರಣ.

ಅಂಗಡಿಗೆ ಒಂದು ಇಂಗ್ಲಿಷ್ ಕಂಪ್ಯೂಟರ್ ಪತ್ರಿಕೆ ಬರುತ್ತಿತ್ತು. ಅದರಲ್ಲಿ ಒಮ್ಮೆ ಗ್ರಾಫಿಟಿ ಶೈಲಿಯ ಲೋಗೋ ಮಾಡುವುದು ಹೇಗೆಂದು ಹನ್ನೊಂದು ಹಂತಗಳಲ್ಲಿ ಕಲಿಸಿದ್ದರು. ಗ್ರಾಫಿಟಿ ಎಂದರೆ ಪರದೇಶದ ಹುಡುಗರು ಕಂಡವರ ಗೋಡೆಯ ಮೇಲೆ ಡಬ್ಬಿಯಿಂದ ಬಣ್ಣ ಚಿಮ್ಮಿಸಿ ಬರೆಯುವ ದಪ್ಪ ದಪ್ಪ ಅಕ್ಷರ. ಮೊದಲು ಇಟ್ಟಿಗೆಯ ಗೋಡೆ, ಅದರ ಮೇಲೆ ಉಬ್ಬಿದ ಅಕ್ಷರ, ಕಪ್ಪು ಅಂಚು, ನೆರಳು, ಸುತ್ತ ಬಣ್ಣದ ಮಬ್ಬು. ಹನ್ನೊಂದನೆಯದು ಎಲ್ಲಕ್ಕಿಂತ ಮುಖ್ಯ: ಅಕ್ಷರದ ಬುಡದಿಂದ ಬಣ್ಣ ಹನಿಹನಿಯಾಗಿ ಕೆಳಗೆ ಇಳಿದಿರಬೇಕು. ಈ ಹನಿ ಇಲ್ಲದಿದ್ದರೆ ಅದು ಗ್ರಾಫಿಟಿಯೇ ಅಲ್ಲ ಎಂದು ಪತ್ರಿಕೆ ಖಡಾಖಂಡಿತವಾಗಿ ಹೇಳಿತ್ತು. ಇಂಗ್ಲಿಷ್ ಅಕ್ಷರಗಳನ್ನು ಗಾಳಿ ತುಂಬಿ ಉಬ್ಬಿಸಬೇಕು. ನಮ್ಮ ಕನ್ನಡದವು ಹುಟ್ಟುವಾಗಲೇ ಮೈಕೈ ತುಂಬಿಕೊಂಡಿವೆ. ಈ ಕಲೆ ಕನ್ನಡಕ್ಕಾಗಿಯೇ ಹುಟ್ಟಿದ್ದು, ಅಮೆರಿಕದವರಿಗೆ ತಪ್ಪಿ ಸಿಕ್ಕಿದೆ ಎಂದು ನನಗೆ ಅವತ್ತೇ ಖಾತ್ರಿಯಾಯಿತು.

ಗಿರಾಕಿಗಳಿಗೆ ಮಾತ್ರ ಖಾತ್ರಿಯಾಗಲಿಲ್ಲ. ಬನವಾಸಿಯ ಶುಂಠಿ ವ್ಯಾಪಾರಿಯೊಬ್ಬರು ನನ್ನ ನಮೂನೆಯನ್ನು ಬಹಳ ಹೊತ್ತು ನೋಡಿ, ಶುಂಠಿ ಎಲ್ಲಿದೆ ಎಂದು ಕೇಳಿದರು. ಬೇಕರಿಯವರಿಗೆ ಇಟ್ಟಿಗೆಯ ಗೋಡೆ ಕಂಡು ಬೇಜಾರಾಯಿತು. ನಮ್ಮ ಗೋಡೆಗೆ ಪ್ಲಾಸ್ಟರ್ ಆಗಿ ಬಣ್ಣವೂ ಆಗಿದೆ, ನೀವ್ಯಾಕೆ ಅರ್ಧ ಕಟ್ಟಿದ ಮನೆಯ ಹಾಗೆ ತೋರಿಸುತ್ತೀರಿ ಎಂದು ತಕರಾರು ತೆಗೆದರು. ಹೀಗೆ ನಾಲ್ಕೈದು ತಿಂಗಳು ನನ್ನ ಗ್ರಾಫಿಟಿ ಕಂಪ್ಯೂಟರಿನೊಳಗೇ ಕೊಳೆಯಿತು.

ಆಗ ಬಂದವರು ಯಲ್ಲಾಪುರದ ಪೇಂಟರ್. ಮೂವತ್ತು ದಾಟಿದ ಮನುಷ್ಯ, ತೆಳ್ಳಗೆ, ಮಾತು ಮೆಲ್ಲಗೆ. ಹತ್ತೂ ಉಗುರಿನ ಸಂದಿಯಲ್ಲಿ ಬೇರೆ ಬೇರೆ ಬಣ್ಣ. ಲಾರಿಗಳಿಗೆ ಡೆಂಟಿಂಗ್, ಪೇಂಟಿಂಗ್ ಮಾಡುವವರು. ಹನ್ನೆರಡು ವರ್ಷ ಒಬ್ಬ ಉಸ್ತಾದ್ ಕೈಕೆಳಗೆ ದುಡಿದು, ಈಗ ಹೆದ್ದಾರಿಯ ಬದಿಯಲ್ಲಿ ತಮ್ಮದೇ ಅಂಗಡಿ ತೆರೆಯುವವರಿದ್ದರು. ಅಂಗಡಿಗೆ ಮಗಳ ಹೆಸರು. ನಾಲ್ಕು ಅಕ್ಷರ, ಚೆನ್ನಾಗಿ ಕಾಣಬೇಕು, ಅಷ್ಟೇ ಬೇಡಿಕೆ.

ಅವರ ಕಷ್ಟ ಮಾತ್ರ ಬೇರೆಯೇ ಇತ್ತು. ಬೇರೆ ಅಂಗಡಿ ಇಡುತ್ತೇನೆ ಎಂದ ದಿನದಿಂದ ಉಸ್ತಾದ್ ಇವರ ಜೊತೆ ಮಾತು ಬಿಟ್ಟಿದ್ದರು. ಬೈದಿರಲಿಲ್ಲ, ಬೇಡ ಎಂದಿರಲಿಲ್ಲ. ಮೂರು ತಿಂಗಳಿಂದ ಒಂದು ಶಬ್ದವೂ ಇಲ್ಲ. ಯಲ್ಲಾಪುರದ ಲಾರಿ ಮಾಲೀಕರೆಲ್ಲ ಉಸ್ತಾದ್ ಮಾತಿನ ಮೇಲೆ ನಡೆಯುವವರು. ಗುರುವಿನ ಮನಸ್ಸು ನೋಯಿಸಿ ಹೊರಬಂದವನಿಗೆ ಒಬ್ಬನೂ ಗಾಡಿ ಕೊಡುವುದಿಲ್ಲ. ಇಂಥ ಶುಕ್ರವಾರ ನಮಾಜು ಮುಗಿದ ಮೇಲೆ ಅಂಗಡಿ ಶುರು, ಬನ್ನಿ ಎಂದು ಇವರು ಮನೆಗೇ ಹೋಗಿ ಕರೆದಿದ್ದರು. ಉಸ್ತಾದ್ ತಲೆಯನ್ನೂ ಆಡಿಸಿರಲಿಲ್ಲ. ಅವರು ಬಂದು ಒಂದು ಒಳ್ಳೆಯ ಮಾತಾಡಿದರೆ ಅಂಗಡಿ ಉಳಿಯುತ್ತದೆ, ಇಲ್ಲದಿದ್ದರೆ ಗೋವಾಕ್ಕೆ ಹೋಗಿ ಯಾರದೋ ಗ್ಯಾರೇಜಿನಲ್ಲಿ ಕೂಲಿ ಮಾಡುವುದು ಎಂದು ಪೇಂಟರ್ ಹೇಳಿದರು. ನಾನು ಅಯ್ಯೋ ಪಾಪ ಎಂದೆ. ಆದರೆ ನಿಜ ಹೇಳಬೇಕೆಂದರೆ ನನ್ನ ಕಿವಿ ಅರ್ಧ ಮಾತ್ರ ಅಲ್ಲಿತ್ತು. ಸ್ಪ್ರೇ ಗನ್ ಹಿಡಿದು ಬಣ್ಣ ಹೊಡೆಯುವ ಮನುಷ್ಯನೇ ನನ್ನ ಗ್ರಾಫಿಟಿ ಹುಡುಕಿಕೊಂಡು ಬಂದಿದ್ದಾನಲ್ಲ ಎಂದು ನಾನು ಒಳಗೊಳಗೇ ಕುಣಿಯುತ್ತಿದ್ದೆ.

ಮುಂದಿನ ವಾರ ಅವರು ನಮೂನೆ ನೋಡಲು ಬಂದಾಗ ನಾನು ಎಂಟನೆಯ ಹಂತದಲ್ಲಿದ್ದೆ. ಇಟ್ಟಿಗೆ ಗೋಡೆಯ ಮೇಲೆ ಹಳದಿ, ಕೆಂಪು ಬೆರೆತ ನಾಲ್ಕು ಗುಂಡನೆಯ ಅಕ್ಷರ. ಅವರ ಮುಖ ಅರಳಿತು. ಮಾನಿಟರಿನ ಮೇಲೆ ಬೆರಳಿಟ್ಟು ಅಕ್ಷರದ ಅಂಚಿನುದ್ದಕ್ಕೂ ಸವರಿ, ಅಂಚು ಬಾಳ ಕ್ಲೀನ್ ಬಂದೈತಿ ಎಂದು ಎರಡು ಸಲ ಹೇಳಿದರು. ಇದನ್ನೇ ಹುಬ್ಬಳ್ಳಿಗೆ ಕಳಿಸಿ ಫ್ಲೆಕ್ಸ್ ಮಾಡಿಸಿಬಿಡಿ ಎಂದು ಒಪ್ಪಿಗೆ ಕೊಟ್ಟು, ನಾಲ್ಕು ಗಂಟೆಯ ಬಸ್ಸಿಗೆ ಹೋದರು.

ಗಿರಾಕಿ ಒಪ್ಪಿದ ಮೇಲೆ ಮುಟ್ಟಬಾರದು ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಆದರೆ ಇನ್ನೂ ಮೂರು ಹಂತ ಬಾಕಿ ಇದ್ದವು! ಎಂಟಕ್ಕೇ ನಿಲ್ಲಿಸುವುದು ಎಂದರೆ ಊಟಕ್ಕೆ ಕೂತವರನ್ನು ಸಾರಿಗೇ ಎಬ್ಬಿಸಿದ ಹಾಗೆ ಎಂದು ನನ್ನ ವಾದ. ಎರಡು ದಿನ ಕೂತು ಒಂದೊಂದೇ ಹನಿ ಇಳಿಸಿದೆ. ಕೆಲವು ಗಿಡ್ಡ, ಕೆಲವು ಉದ್ದ, ಪ್ರತಿಯೊಂದರ ತುದಿಯಲ್ಲೂ ಗುಂಡು ಬಿಂದು, ಬಿಂದುವಿನ ಮೇಲೆ ಬೆಳಕಿನ ಒಂದು ಚುಕ್ಕಿ. ಒಟ್ಟು ಹದಿನೇಳು. ಅಷ್ಟು ಚೆಂದದ ಕೆಲಸವನ್ನು ನಾನು ಮುಂದೆ ಎಂದೂ ಮಾಡಿಲ್ಲ.

ಬಣ್ಣದ ಪ್ರಿಂಟ್ ಒಂದನ್ನು ಹಿಡಿದುಕೊಂಡು ವಾರದ ರಜೆಗೆ ಸಿದ್ದಾಪುರದ ಮನೆಗೆ ಹೋದೆ. ಅಮ್ಮನಿಗೆ ನಾವು ಆಯಿ ಎನ್ನುವುದು. ಆಯಿ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು, ಹಾಳೆಯನ್ನು ದೂರ ಹಿಡಿದು ನೋಡಿದಳು.

"ಒಣಗದ್ರೊಳಗೇ ಎತ್ತಿದ್ಯನೆ ಕೂಸೆ? ಬಣ್ಣ ಎಲ್ಲ ಕೆಳಗೆ ಇಳದು ಹೋಯ್ದು."

ನಿಂಗೆ ಇದೆಲ್ಲ ಗೊತ್ತಾಗ್ತಿಲ್ಲೆ ಆಯಿ ಎಂದು ಹಾಳೆ ಕಿತ್ತುಕೊಂಡೆ. ರಾತ್ರಿ ಊಟ ಮುಗಿಯುವ ತನಕ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಆ ಮನೆಯಲ್ಲಿ ಕಲೆ ಬೆಳೆಯುವುದು ಸಾಧ್ಯವಿಲ್ಲ ಎಂದು ತೀರ್ಮಾನಿಸಿ ಸೋಮವಾರ ಬೆಳಿಗ್ಗೆಯೇ ಸಿ.ಡಿ. ಹುಬ್ಬಳ್ಳಿಗೆ ಕಳಿಸಿದೆ. ಫ್ಲೆಕ್ಸ್ ಆಗ ನಮ್ಮ ಕಡೆ ಹೊಸದು. ಅಚ್ಚಾದ ಸುರುಳಿಯನ್ನು ಹುಬ್ಬಳ್ಳಿಯ ಪ್ರೆಸ್ಸಿನವರು ಬಸ್ಸಿನಲ್ಲಿ ನೇರ ಯಲ್ಲಾಪುರಕ್ಕೇ ಹಾಕುವುದೆಂದು ಮಾತಾಗಿತ್ತು.

ಶುಕ್ರವಾರ ಹೊಸ ಚೂಡಿದಾರ ಹಾಕಿಕೊಂಡು ನಾನೂ ಯಲ್ಲಾಪುರದ ಬಸ್ಸು ಹತ್ತಿದೆ. ಕಲಾವಿದೆಯನ್ನು ನಾಲ್ಕು ಜನರ ಎದುರು ಪರಿಚಯಿಸುತ್ತಾರೆ ಎಂಬ ಆಸೆ. ಹುಲಗೋಳದಲ್ಲಿ ಹತ್ತಿ ನನ್ನ ಪಕ್ಕದಲ್ಲಿ ಕೂತ ಹೆಂಗಸಿಗೆ, ಗ್ರಾಫಿಟಿ ಎಂದರೇನು ಎಂದು ಮಂಚಿಕೇರಿ ಬರುವ ತನಕ ವಿವರಿಸಿದೆ. ಅವರು ಮಂಚಿಕೇರಿಯಲ್ಲಿ ಇಳಿದುಬಿಟ್ಟರು. ಅಲ್ಲೇ ಇಳಿಯುವವರಿದ್ದರೋ ಇಲ್ಲವೋ ನನಗೆ ಇವತ್ತಿಗೂ ಅನುಮಾನ.

ಅಂಗಡಿ ತಲುಪಿದಾಗ ಹನ್ನೊಂದು ಗಂಟೆ. ಮಾವಿನ ತೋರಣ, ಬಾಡಿಗೆ ಕುರ್ಚಿಗಳು, ಹೊಸ ಕಂಪ್ರೆಸರಿಗೆ ಹೂವಿನ ಹಾರ, ಎಲ್ಲ ಇತ್ತು. ಬಾಗಿಲ ಮೇಲೆ ಬೋರ್ಡು ಮಾತ್ರ ಇರಲಿಲ್ಲ. ಪೇಂಟರ್ ಒಂದು ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಫ್ಲೆಕ್ಸನ್ನು ಚೌಕಟ್ಟಿಗೆ ಹೊಡೆದು, ಮುಖ ಗೋಡೆಯ ಕಡೆ ಮಾಡಿ ಇಟ್ಟಿದ್ದರು. ನನ್ನನ್ನು ಕಂಡು ಎದ್ದು, ಕುರ್ಚಿ ಕೊಟ್ಟು, ಚಹಾ ತರಲು ಹೇಳಿ, ಆಮೇಲೆ ಬೋರ್ಡನ್ನು ತಿರುಗಿಸಿ ನಿಲ್ಲಿಸಿದರು. ಬಣ್ಣ ಇಳಿದಿದೆಯಲ್ಲ ಎಂದು ಮೆಲ್ಲಗೆ ಕೇಳಿದರು.

ನಾನು ನಕ್ಕು ಭಾಷಣ ಶುರು ಮಾಡಿದೆ. ಇದು ತಪ್ಪಲ್ಲ, ಇದೇ ಶೈಲಿ, ಅಮೆರಿಕದ ಗೋಡೆಗಳ ಮೇಲೆಲ್ಲ ಹೀಗೇ ಇರುತ್ತದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಮ್ಮ ಕಥೆ ಹೇಳಿದರು. ಕೆಲಸ ಕಲಿಯುವಾಗ ಒಂದು ಲಾರಿಯ ಬಾಗಿಲ ಮೇಲೆ ಅಕ್ಕಿಕಾಳಿನಷ್ಟು ಬಣ್ಣ ಇಳಿದಿತ್ತಂತೆ. ಉಸ್ತಾದ್ ಇಡೀ ಬಾಗಿಲನ್ನು ತಗಡು ಕಾಣುವ ತನಕ ಇವರ ಕೈಯಲ್ಲೇ ಕೆರೆಸಿ ಮತ್ತೆ ಮೊದಲಿಂದ ಹೊಡೆಸಿದ್ದರಂತೆ.

"ಮೇಡಂ, ನಮ್ಮ ಲೈನಿನಾಗ ಬಣ್ಣ ಇಳದ್ರ ಅವಂಗ ಕೆಲಸ ಬರೂದಿಲ್ಲ ಅಂತ ಅರ್ಥ. ಅದನ್ನ ನನ್ನ ಅಂಗಡಿ ಮ್ಯಾಲೆ ಹದಿನೇಳು ಸಲ ಬರದೀರಿ."

ಎಣಿಸಿದ್ದರು. ನನಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ಪತ್ರಿಕೆಯ ಮೇಲೆ, ಅಮೆರಿಕದ ಹುಡುಗರ ಮೇಲೆ, ಒಪ್ಪಿಗೆ ಕೊಟ್ಟು ಅವಸರದಲ್ಲಿ ಬಸ್ಸಿಗೆ ಓಡಿದ ಈ ಮನುಷ್ಯನ ಮೇಲೂ. ಎಲ್ಲರ ಮೇಲೂ ಸಿಟ್ಟು ಮಾಡಿ ಮುಗಿದ ಮೇಲೆ ಉಳಿದವಳು ನಾನೊಬ್ಬಳೇ. ನಮಾಜು ಮುಗಿದ ಮೇಲೆ ಉಸ್ತಾದ್ ಬಂದು ಇದನ್ನು ನೋಡಿ ಹಾಗೇ ತಿರುಗಿ ಹೋದರೆ, ಈ ಮನುಷ್ಯ ಹೆಂಡತಿ ಮಗಳನ್ನು ಬಿಟ್ಟು ಗೋವಾಕ್ಕೆ ಹೋಗಬೇಕು ಎನ್ನುವುದು ಆಗ ನನ್ನ ತಲೆಗೆ ಹೋಯಿತು.

ಒಂದು ಹನಿಯ ಮೇಲೆ ಥಿನ್ನರ್ ಹಾಕಿ ಒರೆಸಿ ನೋಡಿದೆವು. ಹನಿಯ ಜೊತೆಗೆ ಇಟ್ಟಿಗೆಯೂ ಹೋಗಿ ಬಿಳಿ ಫ್ಲೆಕ್ಸ್ ಕಂಡಿತು. ಇನ್ನು ಮುಚ್ಚುವುದೊಂದೇ ದಾರಿ. ಪೇಂಟರ್ ಮೂರು ಡಬ್ಬಿಯಿಂದ ಸ್ವಲ್ಪ ಸ್ವಲ್ಪ ಸುರಿದು, ಕಡ್ಡಿಯಲ್ಲಿ ಕಲಸಿ, ನನ್ನ ಇಟ್ಟಿಗೆಯದೇ ಬಣ್ಣ ಮಾಡಿ ತೋರಿಸಿದರು. ಐದು ನಿಮಿಷ ಹಿಡಿಯಿತು ಅಷ್ಟೆ. ಅದೇ ಬಣ್ಣ ಆರಿಸಲು ನಾನು ಕಂಪ್ಯೂಟರಿನ ಎದುರು ಅರ್ಧ ದಿನ ಕೂತಿದ್ದೆ. ಅಕ್ಷರದ ಅಂಚಿಗೆ ಪೇಪರ್ ಅಂಟಿಸಿ ಗನ್ ಹಿಡಿದರೆಂದರೆ, ಒಂದು ಉಸಿರಿನಲ್ಲಿ ಒಂದು ಹನಿ ಮಾಯ. ಆದರೆ ಇಟ್ಟಿಗೆಗಳ ನಡುವಿನ ಬಿಳಿ ಗೆರೆಗಳೂ ಮಾಯವಾದವು. ಜನ ಬರತೊಡಗಿದ್ದರು, ಪೇಂಟರ್ ನಮಾಜಿಗೆ ಬೇರೆ ಹೋಗಬೇಕು. ಗೆರೆ ಎಲ್ಲಿ ಹೋಗ್ತಾವ ನಿಮಗ ಗೊತ್ತೈತಲ್ರಿ ಎಂದು ನನ್ನ ಕೈಗೆ ಬಿಳಿ ಬಣ್ಣ, ಸಣ್ಣ ಬ್ರಶ್ ಕೊಟ್ಟು ಹೊರಟರು.

ಹಸುವಿನ ತಲೆ ಯಾವ ಕಡೆ ಎಂದು ಕೇಳಿಸಿಕೊಂಡವಳು ನಾನು. ಶಾಲೆ ಬಿಟ್ಟ ಮೇಲೆ ಬ್ರಶ್ ಮುಟ್ಟಿರಲಿಲ್ಲ. ಮೊದಲ ಗೆರೆ ಸೊಟ್ಟಗಾದಾಗ ನನ್ನ ಎಡಗೈಯ ಎರಡು ಬೆರಳು ತಾವಾಗಿಯೇ ಚೌಕಟ್ಟಿನ ಮರವನ್ನು ಒತ್ತಿದವು, ಕಂಪ್ಯೂಟರಿನಲ್ಲಿ ಮಾಡಿದ್ದನ್ನು ಅಳಿಸಲು ಒತ್ತುವ ಹಾಗೆ. ಎರಡು ಸಲ ಒತ್ತಿದೆ. ಗೆರೆ ಅಲ್ಲೇ ಇತ್ತು. ನೋಡುತ್ತ ನಿಂತಿದ್ದ ಲಾರಿ ಡ್ರೈವರನೊಬ್ಬ ಏನು ಮಾಡುತ್ತಿದ್ದೀರಿ ಎಂದು ಕೇಳಿದ. ಸುಮ್ಮನಿರಿ ಎಂದು ಗದರಿಸಿದೆ. ಬೆವರು ಸುರಿಸಿ, ಮೊಣಕೈ ತನಕ ಬಿಳಿ ಮೆತ್ತಿಕೊಂಡು, ಹದಿನಾರು ಕಡೆ ಗೆರೆ ಎಳೆದು ಮುಗಿಸಿದೆ. ಹದಿನೇಳನೆಯದು ಕೊನೆಯ ಅಕ್ಷರದ ಬುಡದಲ್ಲಿ. ಇನ್ನೇನು ಮುಗಿಯಿತಲ್ಲ ಎಂಬ ಉಮೇದಿಗೆ ಬ್ರಶ್ಶನ್ನು ಆಳಕ್ಕೆ ಅದ್ದಿಬಿಟ್ಟೆ.

ಬಣ್ಣ ಇಳಿಯಿತು. ಒಂದು ಇಟ್ಟಿಗೆ ದಾಟಿ, ಎರಡನೆಯದು ದಾಟಿ, ಮೂರನೆಯದರ ನಡುವೆ ದಪ್ಪ ಬಿಂದುವಾಗಿ ನಿಂತಿತು. ನಾನು ಕಂಪ್ಯೂಟರಿನಲ್ಲಿ ಮಾಡಿದವಕ್ಕಿಂತ ಅದೇ ಚೆನ್ನಾಗಿತ್ತು. ಒರೆಸಲು ಬಟ್ಟೆ ಹುಡುಕುವಷ್ಟರಲ್ಲಿ ಹಿಂದೆ ಎಲ್ಲರೂ ಎದ್ದು ನಿಂತ ಸದ್ದಾಯಿತು.

ಉಸ್ತಾದ್ ಬಂದಿದ್ದರು. ಗಿಡ್ಡನೆಯ ಮುದುಕರು, ಬಿಳಿ ಗಡ್ಡ, ದಾರ ಕಟ್ಟಿದ ಕನ್ನಡಕ. ನಮಾಜು ಮುಗಿಸಿ ಬಂದಿದ್ದ ಪೇಂಟರ್ ಸಲಾಂ ಮಾಡಿದರು. ಉಸ್ತಾದ್ ಶಿಷ್ಯನ ಮುಖ ನೋಡದೆ ನೇರ ಬೋರ್ಡಿನ ಹತ್ತಿರ ಬಂದರು. ಕನ್ನಡಕ ಏರಿಸಿಕೊಂಡು, ಈ ತುದಿಯಿಂದ ಆ ತುದಿಯ ತನಕ ಬಗ್ಗಿ ಬಗ್ಗಿ ನೋಡುತ್ತ ಹೋದರು. ನಾನು ಕೊನೆಯ ಅಕ್ಷರಕ್ಕೆ ಅಡ್ಡ ನಿಂತೆ. ಅವರು ನಾನು ಸರಿಯುವ ತನಕ ಕಾದರು. ಆಮೇಲೆ ಇನ್ನೂ ಹಸಿಯಾಗಿದ್ದ ಆ ಹನಿಯ ಮೇಲೆ ಬೆರಳು ತೋರಿಸಿ ತಮ್ಮ ಶಿಷ್ಯನ ಕಡೆ ತಿರುಗಿದರು.

ಪೇಂಟರ್ ಒಮ್ಮೆ ನನ್ನ ಕಡೆ ನೋಡಿದರು.

"ನಂದೇ ಉಸ್ತಾದ್. ಅವಸರದಾಗ ಆತು."

ಎಲ್ಲದಕ್ಕೂ ಮುಂದೆ ಬೀಳುವ ನನ್ನ ಬಾಯಿ ಆಗ ತೆರೆಯಲಿಲ್ಲ. ಹೆದರಿದ್ದೆ. ನನ್ನನ್ನು ಉಳಿಸಲು ಅವರು ತಮ್ಮ ಅಂಗಡಿಯನ್ನೇ ಕೊಟ್ಟುಬಿಟ್ಟರಲ್ಲ ಎಂದು ಗೊತ್ತಾಗುತ್ತಿತ್ತು, ಆದರೂ ಸುಮ್ಮನೇ ನಿಂತಿದ್ದೆ. ಅದು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಅವರಿಬ್ಬರೂ ತಮ್ಮೊಳಗೆ ಉರ್ದುವಿನಲ್ಲಿ ಮಾತಾಡುವವರು. ಉಸ್ತಾದ್ ಅಂದು ಕನ್ನಡದಲ್ಲೇ ಮಾತಾಡಿದರು, ಅಂಗಳದಲ್ಲಿ ನಿಂತ ಲಾರಿಯವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.

"ಹನ್ನೆರಡು ವರ್ಷ ನೋಡೀನಿ ನಾನು. ಇದು ನಿನ್ನ ಕೈ ಅಲ್ಲ."

ಅದು ನಂದು ಚಾಚಾ ಎಂದು ಆಗ ನನ್ನ ಬಾಯಿಂದ ಬಂತು. ಅವರು ನನ್ನ ಬಿಳಿ ಮೊಣಕೈಗಳನ್ನು ನೋಡಿದರು. ಬಟ್ಟೆಗಾಗಿ ಕೈ ಚಾಚಿದರು. ಪೇಂಟರ್ ಕೊಟ್ಟ ಬಟ್ಟೆಯನ್ನು ತೋರುಬೆರಳಿಗೆ ಸುತ್ತಿ, ಹನಿಯನ್ನು ಕೆಳಗಿನಿಂದ ಮೇಲಕ್ಕೆ ಒಂದೇ ಸಲ ಎಳೆದು ತೆಗೆದರು. ನನ್ನ ಕೈಯಿಂದ ಬ್ರಶ್ ತೆಗೆದುಕೊಂಡು, ಡಬ್ಬಿಯ ಬಾಯಿಗೆ ಎರಡು ಸಲ ಒತ್ತಿ ಬಣ್ಣ ಬಸಿದು, ಆ ಜಾಗದಲ್ಲಿ ಬಾಕಿ ಉಳಿದಿದ್ದ ಎರಡು ಗೆರೆಗಳನ್ನು ತಾವೇ ಎಳೆದರು. ಆಮೇಲೆ ಲಾರಿಯವರ ಕಡೆ ತಿರುಗಿ, ಮೊದಲನೇ ಗಾಡಿ ಯಾರದು, ಒಳಗೆ ತನ್ನಿ ಎಂದರು.

ಪೇಂಟರ್ ಉಸ್ತಾದರ ಬಣ್ಣ ಮೆತ್ತಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅಷ್ಟು ಜನರ ಎದುರೇ ಜೋರಾಗಿ ಅತ್ತರು. ನಾನೂ ಅತ್ತೆ. ಲಾರಿ ಹಿಂದೆ ಹಿಂದೆ ಸರಿಯುತ್ತ ಒಳಗೆ ಬಂದು ನಿಂತ ಮೇಲೂ ಉಸ್ತಾದ್ ಕೈ ಬಿಡಿಸಿಕೊಳ್ಳಲಿಲ್ಲ.