ಕಣ್ಣು ಮುಚ್ಚಿದ ಸಿಸ್ಟರ್

ಗೆಳೆಯರೇ, ನಮ್ಮ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಇವತ್ತು ಹೆರಿಗೆ ವಾರ್ಡಿನ ನರ್ಸುಗಳಿಗೆ ಮನಸ್ಸು ಹಗುರ ಮಾಡಿಕೊಳ್ಳುವ ತರಬೇತಿ. ರಾತ್ರಿಪಾಳಿ ಮುಗಿಸಿದ ನಮ್ಮನ್ನೂ ಮನೆಗೆ ಬಿಡದೆ ಕೂರಿಸಿದ್ದರು. ಧಾರವಾಡದಿಂದ ಬಂದಿದ್ದ ಮೇಡಂ, "ಕಣ್ಣು ಮುಚ್ಚರಿ. ಉಸಿರು ಎಳಕೊಳ್ರಿ, ನಿಧಾನಕ್ಕ ಬಿಡ್ರಿ" ಎಂದರು. ಹೆರುವವರಿಗೆ ನಾವು ದಿನವಿಡೀ ಹೇಳುವುದೂ ಅದನ್ನೇ.

ಪಕ್ಕದಲ್ಲಿ ಕೂತಿದ್ದ ಹಿರಿಯ ಸಿಸ್ಟರ್ ಮೆಹರುನ್ನಿಸಾ ಅಷ್ಟರಲ್ಲೇ ನಿದ್ದೆಗೆ ಜಾರಿದ್ದರು. ಸದ್ದಿಲ್ಲದ ಸಭಾಂಗಣದಲ್ಲಿ ಗಟ್ಟಿಯಾಗಿ ಕನವರಿಸಿದರು: "ತಿಣುಕವ್ವಾ, ಇನ್ನೊಂದೀಟು ತಿಣುಕು. ತಲಿ ಕಾಣಾಕತ್ತೈತಿ."

ಎಲ್ಲರೂ ನಕ್ಕರು, ಮೇಡಂ ಒಬ್ಬರನ್ನು ಬಿಟ್ಟು. ಮೆಹರುನ್ನಿಸಾ ಅಕ್ಕ ಅರೆಗಣ್ಣು ತೆರೆದು ನನ್ನ ಕೈ ಹಿಡಿದರು. "ಕೂಸು ಅತ್ತತೇನು?"

"ಅತ್ತತ್ರಿ ಅಕ್ಕಾ. ನೀವು ಮಲಕೋರಿ" ಎಂದೆ.

ಇಡೀ ತರಬೇತಿಯಲ್ಲಿ ಯಾರ ಮನಸ್ಸಾದರೂ ಹಗುರಾಗಿದ್ದರೆ ಅದು ಅವರದೊಂದೇ.