ಜೋಡಿಗೊಂದು ಪುಸ್ತಕ

ಡಾಂಬರು ಗುಳಿಗೆಯ ವಾಸನೆ ರೇಷ್ಮೆ ಸೀರೆಗಳದ್ದು ಎಂದೇ ನಾನು ತಿಳಿದಿದ್ದೆ. ಅದು ಪುಸ್ತಕಕ್ಕೂ ಹತ್ತುತ್ತದೆಂದು ಗೊತ್ತಾದದ್ದು ಹೋದ ಭಾನುವಾರ. ಕಾಚಿಗೂಡದಲ್ಲಿ ನಾನು ಕಲಿತ ಸಣ್ಣ ಕನ್ನಡ ಶಾಲೆಗೆ ಬಣ್ಣ ಹಚ್ಚುವವರಿದ್ದರು; ಸಾಮಾನು ಹೊರಗಿಡಲು ಹಳೆಯ ವಿದ್ಯಾರ್ಥಿಗಳನ್ನು ಕರೆದಿದ್ದರು. ನನ್ನ ಪಾಲಿಗೆ ಬಂದದ್ದು ನಮ್ಮ ಟೀಚರು ಶಾಂತಾ ಅಕ್ಕೋರ ಕಬ್ಬಿಣದ ಅಲಮಾರಿ. ಕೀಲಿ ಎಂದೋ ಕಳೆದಿತ್ತು. ಬೀಗ ಒಡೆದು ನೋಡಿದರೆ, ಹಳೇ ಹಾಜರಿ ಪುಸ್ತಕಗಳ ಹಿಂದೆ ನಾಲ್ಕನೆಯ ತರಗತಿಯ ಕನ್ನಡ ಪಠ್ಯಪುಸ್ತಕಗಳ ಕಟ್ಟು. ನಮ್ಮ ವರ್ಷದ್ದೇ. ಹಗ್ಗ ಕೂಡ ಬಿಚ್ಚಿರಲಿಲ್ಲ.

ನನಗೆ ಜೋಲಿ ಹೊಡೆದಂತಾಯಿತು. ಯಾಕೆ ಅನ್ನುತ್ತೀರಾ? "ನಮ್ಮ ಶಾಲೆಯಲ್ಲಿ ಇಬ್ಬರಿಗೆ ಒಂದೇ ಪುಸ್ತಕ" ಎಂದು ಮಾದಾಪುರದ ಆಫೀಸಿನ ಕ್ಯಾಂಟೀನಿನಲ್ಲಿ ನಾನು ಎಷ್ಟು ಜನರ ತಲೆ ತಿಂದಿದ್ದೇನೋ! ದಾಟಿ ಬಂದ ಬಡತನ ಜಂಬ ಕೊಚ್ಚಿಕೊಳ್ಳಲು ಬಹಳ ಅನುಕೂಲ.

ನನಗೆ ಉಗ್ಗು ಇತ್ತು. ಇತ್ತೇನು, ಈಗಲೂ ಮನಸ್ಸು ತುಂಬಿ ಬಂದಾಗ ಹಾಜರಾಗುತ್ತದೆ. ಮೂರನೆಯ ತರಗತಿಯಲ್ಲಿ ಒಬ್ಬೊಬ್ಬರೇ ಎದ್ದು ನಿಂತು ಓದಬೇಕಿತ್ತು. ನಾನು ಎದ್ದರೆ ಸಾಕು, ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಹುಡುಗರು ಹೊಟ್ಟೆ ಹಿಡಿದು ನಗುತ್ತಿದ್ದರು. ನನಗೂ ಹೊಟ್ಟೆಯದೇ ತೊಂದರೆ, ದಿನಾ ಬೆಳಿಗ್ಗೆ ನೋವು. ನಾಲ್ಕನೆಯ ತರಗತಿಗೆ ಬಂದ ದಿನ ಅವ್ವ ನನ್ನ ಕೈಹಿಡಿದು ಅಕ್ಕೋರ ಮುಂದೆ ನಿಂತಳು.

"ಸಾಲಿ ಬಿಡಿಸಿಬಿಡ್ತೀನ್ರಿ ಅಕ್ಕೋರೆ. ಕೂಸು ದಿನಾ ಅಳತೈತಿ."

"ಒಂದ್ ತಿಂಗಳು ಕೊಡ್ರಿ ನನಗ. ಆಮ್ಯಾಲ ನೀವು ಹೇಳಿದಂಗ."

ಮರುದಿನ ಅಕ್ಕೋರು ತರಗತಿಗೆ ಬಂದು ಮುಖ ಸಣ್ಣದು ಮಾಡಿಕೊಂಡು ಹೇಳಿದರು: "ಪುಸ್ತಕ ಕಡಿಮಿ ಬಂದಾವ. ಜೋಡಿಗೊಂದು. ಓದೂದೂ ಜೋಡೀಲೇ, ಒಂದೇ ದನಿಯಾಗ."

ನನ್ನ ಜೋಡಿ ಗುರುನಾಥ. ಅವನದು ತರಕಾರಿ ಬಂಡಿಯವರ ಗಂಟಲು. ಆ ದನಿಯ ಪಕ್ಕದಲ್ಲಿ ಬಾಯಿ ತೆರೆದೆ ನೋಡಿ, ನಾಲಿಗೆ ತಡವರಿಸಲೇ ಇಲ್ಲ! ಉಗ್ಗುವವರಿಗೆ ಇದು ಗೊತ್ತು, ಇನ್ನೊಂದು ದನಿ ಜೊತೆಗಿದ್ದರೆ ಮಾತು ಸಲೀಸು. ನನಗೆ ಮಾತ್ರ ಆಗ ಅದು ಗೊತ್ತಿರಲಿಲ್ಲ. ದಿನ ಕಳೆದಂತೆ ಅಕ್ಕೋರು ನಮ್ಮ ಹಿಂದೆ ಬಂದು ಮೆಲ್ಲಗೆ ಗುರುನಾಥನ ಹೆಗಲು ಮುಟ್ಟುತ್ತಿದ್ದರು. ಅವನು ದನಿ ಇಳಿಸಿ ಸುಮ್ಮನಾಗುತ್ತಿದ್ದ. ಎರಡು ಸಾಲು ಒಬ್ಬನೇ ಓದಿದ್ದೇನೆಂದು ನನಗೆ ತಿಳಿಯುವಷ್ಟರಲ್ಲಿ ಮತ್ತೆ ಸೇರಿಕೊಳ್ಳುತ್ತಿದ್ದ. ತಿಂಗಳು ಮುಗಿಯಿತು. ಶಾಲೆ ಬಿಡಿಸುವ ಮಾತನ್ನು ಅವ್ವ ಮತ್ತೆ ಎತ್ತಲಿಲ್ಲ.

ಕಟ್ಟು ಬಿಚ್ಚಿ ಒಂದು ಪುಸ್ತಕ ತೆಗೆದುಕೊಂಡು ನೇರ ಉಪ್ಪಲ್‌ಗೆ ಹೋದೆ. ಅಕ್ಕೋರು ಈಗ ಅಲ್ಲಿ ಮಗಳ ಮನೆಯಲ್ಲಿದ್ದಾರೆ. ಪುಸ್ತಕ ಕಂಡದ್ದೇ ನಕ್ಕುಬಿಟ್ಟರು.

"ಸಿಕ್ಕಿಬಿದ್ದೆ ನೋಡಪಾ!"

"ಯಾಕ್ರಿ ಮುಚ್ಚಿಟ್ರಿ?"

"ನಿನ್ನ ಒಬ್ಬನ ಸಲುವಾಗಿ ಅಂದಿದ್ರ, ನೀ ನಾಚಿ ಮರುದಿನ ಬರತಿದ್ದೇನು? ಅದಕ್ಕ ಎಲ್ಲಾರಿಗೂ ಕಡಿಮಿ ಮಾಡಿದೆ."

ಎಷ್ಟೋ ಹೇಳಬೇಕಿತ್ತು. ಅವತ್ತು ಶಾಲೆ ಬಿಟ್ಟಿದ್ದರೆ ನಾನು ಬಾಯಿ ತೆರೆಯದ ಮನುಷ್ಯನಾಗಿ ಉಳಿಯುತ್ತಿದ್ದೆ. "ನಿ... ನಿ... ನಿ..." ಅಷ್ಟೇ. ಮತ್ತೆ ಸಿಕ್ಕಿಕೊಂಡಿತು, ಸುಡುಗಾಡು.

ಅಕ್ಕೋರು ಏನೂ ಕೇಳಿಸದವರಂತೆ ಪುಸ್ತಕ ತೆರೆದರು. "ಚಾಳೀಸು ಎಲ್ಲಿಟ್ಟೀನೋ, ಸಿಗವಲ್ತು. ಒಬ್ಬಾಕಿಗೆ ಓದಾಕ ಆಗೂದಿಲ್ಲ. ಬಾ, ನೀನೂ ಕೂಡು."

ಕನ್ನಡಕ ದಾರದಲ್ಲಿ ಅವರ ಕೊರಳಲ್ಲೇ ತೂಗುತ್ತಿತ್ತು. ಕುರ್ಚಿ ಎಳೆದುಕೊಂಡು ಕೂತೆ. ಇಬ್ಬರೂ ಮೊದಲ ಪಾಠ ಶುರು ಮಾಡಿದೆವು. ಅವರಿಗೆ ಅದು ಇನ್ನೂ ಬಾಯಿಪಾಠ. ಪುಟ ತಿರುಗಿಸುವಾಗ ಗೊತ್ತಾಯಿತು, ಅಕ್ಕೋರು ಯಾವಾಗಲೋ ಸುಮ್ಮನಾಗಿದ್ದರು.

ನಾನು ನಿಲ್ಲಿಸಲಿಲ್ಲ. ಪುಸ್ತಕದಿಂದ ತಲೆಯೆತ್ತಿ, ಅದೇ ಉಸಿರಿನಲ್ಲಿ ಹೇಳಿದೆ: "ನಿಮ್ಮಿಂದ ನನಗ ಮಾತು ಬಂತ್ರಿ, ಅಕ್ಕೋರೆ."