ಕೆನ್ನೆಗೆ ಒತ್ತಿ ನೋಡಿದ ಬ್ರಶ್

ಇವತ್ತು ಚಿಕ್ಕೋಡಿಯ ಅಂಗಡಿಯಲ್ಲಿ ಶೇವಿಂಗ್ ಬ್ರಶ್ ಒಂದನ್ನು ಕೆನ್ನೆಗೆ ಒತ್ತಿಕೊಂಡು ನಿಂತಾಗ ಅಂಗಡಿಯವರು ನಕ್ಕರು. ನಗಲಿ ಬಿಡಿ. ಬ್ರಶ್ ಹೀಗೆ ಆರಿಸುವುದನ್ನು ನನಗೆ ಕಲಿಸಿದವನು ಅಪ್ಪ.

ನಾನಿನ್ನೂ ಲಂಗ ತೊಡುತ್ತಿದ್ದ ಕಾಲ. ಇದೇ ಪೇಟೆಯಲ್ಲಿ ಅಪ್ಪ ಎರಡು ಬ್ರಶ್ ಹಿಡಿದು ನಿಂತಿದ್ದ. ಒಂದು ಅಗ್ಗದ್ದು, ಇನ್ನೊಂದರ ಬೆಲೆ ತುಸು ಹೆಚ್ಚು. ಬಿಸಿಲಿಗೆ ಒರಟಾದ ತನ್ನ ಕೆನ್ನೆಗೆ ವ್ಯತ್ಯಾಸ ತಿಳಿಯದೆಂದು ಎರಡನ್ನೂ ನನ್ನ ಕೆನ್ನೆಯ ಮೇಲೆ ಆಡಿಸಿದ.

"ಯಾವುದು ಚುಚ್ಚತೈತಿ, ಹೇಳವ್ವಾ?"

ಅಗ್ಗದ್ದು ಜೋಳದ ಕೂಳೆಯಂತೆ ಚುಚ್ಚುತ್ತಿತ್ತು. ಆದರೆ ರೊಕ್ಕ ಉಳಿದರೆ ಹೊರಗಿನ ಗಾಡಿಯಲ್ಲಿ ಭಜಿ ಕೊಡಿಸುತ್ತಾನೆಂದು ನನಗೆ ಗೊತ್ತಿತ್ತು.

"ಎರಡೂ ಮೆತ್ತಗ ಅದಾವಪ್ಪಾ," ಎಂದುಬಿಟ್ಟೆ.

ಭಜಿ ಸಿಕ್ಕಿತು. ಅಪ್ಪ ಕಟ್ಟೆಯ ಮೇಲೆ ಕನ್ನಡಿ ಒರಗಿಸಿಟ್ಟು, ಹಿತ್ತಾಳೆ ಬಟ್ಟಲಿನ ನೀರಲ್ಲಿ ಅದ್ದಿ, ಆ ಅಗ್ಗದ ಬ್ರಶ್ಶಿನಿಂದಲೇ ವರ್ಷಗಟ್ಟಲೆ ನೊರೆ ಹಚ್ಚಿಕೊಂಡ. ಕೆನ್ನೆ ಕೆಂಪಾದರೂ ಒಂದು ಮಾತೂ ಆಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಈಗ ಅವನ ಕೈ ನಡುಗುತ್ತದೆ. ದಾಡಿ ಮಾಡುವವಳು ನಾನೇ. ಮನೆಗೆ ಬಂದು ಹೊಸ ಬ್ರಶ್ಶಿನಿಂದ ನೊರೆ ಹಚ್ಚಿದೆ. ಅಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿದ:

"ಭಾಳ ಮೆತ್ತಗೈತಿ. ಇವತ್ತ ಭಜಿ ತಿನ್ನಲಿಲ್ಲೇನ ನನ್ನವ್ವಾ?"